ಎಂಟು ದಿನದ ಹೈಸ್ಕೂಲು

ಹನ್ನೊಂದು ಮಂದಿ ತಾಯಂದಿರಿಗೆ ಸುಳ್ಳು ಹೇಳಿದೆನಲ್ಲ ಎಂದು ನೀಲಗಂಗಾ ನಿನ್ನೆ ಡೈರಿಯಲ್ಲಿ ಬರೆದುಕೊಂಡಿದ್ದಳು. ಬಿ.ಎ. ಮುಗಿಸಿದವಳಿಗೆ ಸಿಕ್ಕ ಕೆಲಸವೇ ಅದು: ಏಳನೆಯ ತರಗತಿ ಮುಗಿಸಿದ ಮಕ್ಕಳ ಹೆತ್ತವರಿಗೆ ಯಾವ ಹೈಸ್ಕೂಲು ಹೇಗೆ ಎಂದು ತಿಳಿಸಿ, ಅರ್ಜಿ ತುಂಬಿಕೊಡುವುದು.

ಇವತ್ತು ಮೊದಲು ಬಂದವಳು ಶಾಂತವ್ವ. ಮಗಳ ಸಡಿಲಾದ ಜಡೆಯನ್ನು ನಿಂತಲ್ಲೇ ಹೆಣೆಯುತ್ತ ಕೇಳಿದಳು.

"ಅಕ್ಕಾರ, ಎಂಟು ದಿನದ ಸಾಲಿಗೆ ಹಾಕಿದ್ರ ಮೂರು ವರ್ಷದ್ದೆಲ್ಲಾ ಕಲ್ತು, ಮೂರು ವರ್ಷ ಬೆಳದು ಬರ್ತಾರಂತಲ್ರೀ?"

"ಹೌದ್ರೀ. ಒಳಗ ಅವರಿಗೆ ಮೂರು ವರ್ಷ, ಹೊರಗ ನಿಮಗ ಎಂಟು ದಿನ."

"ಹಂಗಾರ ಅದಕ್ಕ ಬರೀರಿ. ಮೂರು ವರ್ಷ ಬುತ್ತಿ ಕಟ್ಟೂದು ತಪ್ತು!" ಶಾಂತವ್ವ ನಕ್ಕಳು. "ನೀವೂ ಅಲ್ಲೇ ಕಲ್ತೀರೇನ್ರೀ?"

ನೀಲಗಂಗಾ ಹೂಂಗುಟ್ಟಿದಳು.

"ಮನೀಗೆ ಬಂದ ಮ್ಯಾಲೆ ಏನಾರ ಫರಕ್ ಅನಸ್ತೇನು?"

ಏನೂ ಇಲ್ಲ ಎಂಬ ಉತ್ತರ ಎಂದಿನಂತೆ ನಾಲಿಗೆಯ ತುದಿಗೆ ಬಂತು. ನಿಜ ಹೇಳಬೇಕೆಂದರೆ ಅವ್ವನ ಮಾತನ್ನೂ ಹೇಳಬೇಕಾಗಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿಕೊಂಡೇ ಹೇಳಿದಳು:

"ಒಂಬತ್ತನೇ ದಿನ ನಾ ಮನಿ ಬಾಗಲಾ ಬಡದೆ. ನಮ್ಮವ್ವ ಬಾಗಲಾ ತಗದು, 'ಯಾರು ಬೇಕಾಗಿತ್ತವಾ?' ಅಂದ್ಲು."