ಡಬ್ಬಿಯಲ್ಲಿ ಬಂದ ಮಣ್ಣು

ಡಬ್ಬಿಯ ಮುಚ್ಚಳ ತೆಗೆದ ಶಿವಕುಮಾರಿ ಹಾಗೆಯೇ ನಿಂತಳು. ಲಡಾಖಿನ ರಸ್ತೆ ಕೆಲಸಕ್ಕೆ ಹೋಗಿ ಸತ್ತು, ಹಿಮಕ್ಕೆ ದಾರಿ ಮುಚ್ಚಿದ್ದರಿಂದ ಅಲ್ಲಿಯೇ ಮಣ್ಣಾದ ಗಂಡ ಖಂಡಪ್ಪನನ್ನು ಹೂತ ಕುಣಿಯ ಮಣ್ಣೆಂದು, ಜತೆಗೆ ದುಡಿಯುತ್ತಿದ್ದ ಕಾಶಿನಾಥ ಒಂದು ಹೆಂಟೆ ತಂದಿದ್ದ. ಅವಳಿದ್ದ ಭಾಂಡುಪಿನ ಚಾಳಿಗೆ ಬರುವಷ್ಟರಲ್ಲಿ ಅದು ಕದಡಿದ ನೀರಾಗಿತ್ತು. ತಳದಲ್ಲಿ ಒಂದಿಷ್ಟು ಕೆಸರು.

"ತುಂಬುವಾಗ ಕಲ್ಲಿನಂಗ ಇತ್ರಿ ವೈನಿ," ಎಂದ ಕಾಶಿನಾಥ. "ಅಲ್ಲಿ ನೆಲಾನ ಹೆಪ್ಪುಗಟ್ಟಿರತೈತಿ. ಬ್ಯಾಸಿಗ್ಯಾಗ ಮ್ಯಾಲಿಂದಷ್ಟ ಕರಗತೈತಿ, ಒಳಗಿಂದು ಎಂದೂ ಕರಗೂದಿಲ್ಲ. ಹಾರಿ ಹೊಡದ್ರ ಹಾರೀನ ಪುಟದು ಬರತೈತಿ."

ಕೆಸರನ್ನು ಹಣೆಗೆ ಹಚ್ಚಿಕೊಳ್ಳಲು ಎತ್ತಿದ ಅವಳ ಬೆರಳು ಅರ್ಧಕ್ಕೇ ನಿಂತಿತು. ಅವರ ಮಂದಿ ಸತ್ತವರನ್ನು ಮಲಗಿಸುವುದಿಲ್ಲ. ಎದೆಯಾಳದ ಕುಣಿ ತೋಡಿ, ಪೂಜೆಗೆ ಕುಳಿತವರ ಹಾಗೆ ಕೂರಿಸಿಯೇ ಮಣ್ಣು ಕೊಡುತ್ತಾರೆ.

"ಅವ್ರನ್ನ ಕೂಡಿಸೇ ಇಟ್ರಿ, ಹೌದಿಲ್ಲೋ ತಮ್ಮಾ? ಕುಣಿ ಎಷ್ಟು ಆಳ ತೋಡಿದ್ರಿ?"

ಕಾಶಿನಾಥ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ತೋರಿಸಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕೈ ಮೆಲ್ಲಗೆ ಇಳಿಯಿತು, ಸೊಂಟ ದಾಟಿತು. ಮೊಣಕಾಲಿಗೆ ಬಂದು ನಿಂತಿತು.