ಕೇತಮ್ಮ ಸುಟ್ಟ ಜಾಗ

ಬೇಸಿಗೆ ಬಲಿಯುವ ಮೊದಲೇ ತಮ್ಮ ಗುಡಿಸಲುಗಳ ಸುತ್ತಲಿನ ತರಗೆಲೆ ಸುಟ್ಟು ಆರಿಸುವುದು ಕಾಡೊಳಗಿನ ಆ ಸೋಲಿಗರ ಹಟ್ಟಿಯ, ಅವರ ಮಾತಲ್ಲಿ ಪೋಡಿನ, ರೂಢಿ. ಈ ಸಲವೂ ಕೇತಮ್ಮ ಸುಟ್ಟಳು. ಅರಣ್ಯಾಧಿಕಾರಿ ಜೀಪು ನಿಲ್ಲಿಸಿ ಗದರಿದರು.

“ತರಗು ಹಂಗೇ ಬುಟ್ರೆ ದೊಡ್ ಬೆಂಕಿ ಬತ್ತದೆ ಬುದ್ದಿ.”

“ಇನ್ನೊಂದ್ಸಲ ಕಡ್ಡಿ ಗೀರಿದ್ರೆ ಜೈಲಿಗೆ ಹಾಕಿಸ್ತೀನಿ.”

ತಿಂಗಳೊಳಗೆ ಆಚೆ ಗುಡ್ಡದಲ್ಲಿ ಹೊತ್ತಿದ ಬೆಂಕಿ ಇಡೀ ಕಾಡನ್ನು ಮೇಯುತ್ತ ಬಂತು. ಆರಿಸಲು ಹೋದ ಅಧಿಕಾರಿಯೂ ಅವರ ಕೈಕೆಳಗಿನ ಕಾಡು ಕಾಯುವ ವಾಚರನೂ ಹೊಗೆಯಲ್ಲಿ ದಾರಿ ತಪ್ಪಿದರು. ಕೇತಮ್ಮ ಇಬ್ಬರನ್ನೂ ಕೈ ಹಿಡಿದು ಎಳೆತಂದು, ತಾನು ಸುಟ್ಟಿದ್ದ ಕರಿ ನೆಲದ ನಡುವೆ ನಿಲ್ಲಿಸಿದಳು. ಉರಿ ಅದರ ಅಂಚಿನವರೆಗೆ ಬಂದು, ಮೇವು ಸಿಗದೆ ಪಕ್ಕಕ್ಕೆ ಹೊರಳಿತು.

ಅವಳು ಕೊಟ್ಟ ನೀರು ಕುಡಿದ ಅಧಿಕಾರಿ ಮೀಸೆ ಒರೆಸಿಕೊಂಡು ಕಾಲಡಿಯ ಬೂದಿ ನೋಡಿದರು. ಆಮೇಲೆ ವಾಚರನತ್ತ ತಿರುಗಿದರು.

“ಬೆಂಕಿ ಶುರುವಾಗಿದ್ದು ಇಲ್ಲಿಂದಾನೇ ಅಂತ ಬರ್ಕೊ.”