ಇಡೀ ಪುಟದ ಭಾನುವಾರ

ವಾರದ ಪ್ಲ್ಯಾನರಿನಲ್ಲಿ ಯಾವ ದಿನದ ಚೌಕ ಎಷ್ಟು ದೊಡ್ಡದೋ, ಅದನ್ನು ನೇತುಹಾಕಿದ ಮನೆಯಲ್ಲಿ ಆ ದಿನವೂ ಅಷ್ಟೇ ಉದ್ದ. ಅದಕ್ಕೇ ಹೊಸ ವರ್ಷಕ್ಕೆ ಮುಂಚೆ ಹುಬ್ಬಳ್ಳಿಯವರೆಲ್ಲ ಅಂಗಡಿಗೆ ಸ್ಕೇಲು ಹಿಡಿದೇ ಹೋಗುತ್ತಿದ್ದರು. ಹೋದ ಸಲ ರುದ್ರಮುನಿ ರಟ್ಟಿನ ಮೇಲಿನ ನವಿಲಿಗೆ ಮರುಳಾಗಿ ತಂದದ್ದರಲ್ಲಿ ಮಂಗಳವಾರ ಅಂಗೈಯಗಲ ಇತ್ತು. ವರ್ಷವಿಡೀ ಮಂಗಳವಾರಗಳು ಮುಗಿಯಲೇ ಇಲ್ಲ. ಭಾನುವಾರಕ್ಕೆ ಮಾತ್ರ ಮೂಲೆಯಲ್ಲಿ ಅರ್ಧ ಚೌಕ. ತಲೆಗೆ ಎಣ್ಣೆ ಹಚ್ಚಿಕೊಂಡರೆ ತೊಳೆಯುವುದು ಸೋಮವಾರವೇ.

ಇನ್ನೊಂದು ವರ್ಷ ಹಾಗೆ ಕಳೆಯುವ ಶಕ್ತಿ ಅವನಿಗಿರಲಿಲ್ಲ. ಈ ಸಲ ಹೆಂಡತಿ ನೀಲಾಂಬಿಕೆಯನ್ನೂ ಅಂಗಡಿಗೆ ಕರೆತಂದು, ಇದ್ದಬದ್ದ ಪ್ಲ್ಯಾನರುಗಳನ್ನೆಲ್ಲ ಅಳೆದು, ಕೊನೆಗೆ ಒಂದನ್ನು ಎತ್ತಿ ಹಿಡಿದ. ಅದರಲ್ಲಿ ಭಾನುವಾರಕ್ಕೆ ಇಡೀ ಪುಟವಿತ್ತು.

“ದಿನಬಳಕೆಗೆ ಇದು ಚಲೋ ಅಲ್ಲೇನ್ರಿ?” ಎಂದು ಅಂಗಡಿಯವನನ್ನು ಕೇಳಿದ.

“ಗಂಡಸರು ಭಾಳ ಇಷ್ಟಪಟ್ಟು ಒಯ್ತಾರ್ರಿ. ಮುಂದಿನ ವಾರ ಹೆಣ್ಮಕ್ಕಳು ಬಂದು ಬದಲಿ ಕೇಳ್ತಾರ.”

ನೀಲಾಂಬಿಕೆ ಪುಟವನ್ನು ನೋಡಿದಳು. “ಇಷ್ಟ ದೊಡ್ಡ ರಜಾದಾಗ ಎಷ್ಟ ಸಲ ಉಣ್ತೀರಿ?”

ರುದ್ರಮುನಿ ಸ್ಕೇಲಿಟ್ಟು ಲೆಕ್ಕ ಹಾಕಿದ. “ಏಳು ಸಲ ಆಗಬಹುದು. ನಡುವ ಚಾ ಬ್ಯಾರೆ.”

“ಮಾಡೋರ್ಯಾರು?”

ಹೋದ ವರ್ಷದ ಆ ಮೂಲೆಯ ಅರ್ಧ ಚೌಕ ಅವನ ಕಣ್ಣ ಮುಂದೆ ಬಂತು. “ನಾನ ಮಾಡ್ತೀನಿ,” ಎಂದುಬಿಟ್ಟ.

“ರೊಟ್ಟಿನೂ?”

“ರೊಟ್ಟಿನೂ.”

ಹೇಳಿದ ಮೇಲೆ ಅವನು ಆ ಪುಟದ ಕಡೆ ಇನ್ನೊಮ್ಮೆ ನೋಡಿದ. ಅಂಗಡಿಯವನತ್ತ ಬಾಗಿ, “ಇದರಾಗ ಸ್ವಲ್ಪ ಸಣ್ಣ ಪುಟದ್ದು ಐತೇನ್ರಿ?” ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ ನೀಲಾಂಬಿಕೆ ಪ್ಲ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಬೀದಿಗಿಳಿದಾಗಿತ್ತು.